ಪ್ರವಾಸಕ್ಕೆ ಕೈ ಗ್ರೈಂಡರ್: ಹಲ್ಲಿಗಿಂತ ಮೊದಲು ಶಾಫ್ಟ್ ನೋಡಿ

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದವನು, ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಕೆಲಸ. ವಾರದಲ್ಲಿ ಮೂರು ನಾಲ್ಕು ದಿನ ಜಗಳೂರು, ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ತಿರುಗಾಟ. ರಾತ್ರಿ ಲಾಡ್ಜಿನಲ್ಲಿ ತಂಗುತ್ತೇನೆ. ಬೆಳಿಗ್ಗೆ ಹೊರಡುವ ಮೊದಲು ಒಳ್ಳೆಯ ಫಿಲ್ಟರ್ ಕಾಫಿ ಬೇಕು. ಸಣ್ಣ ಸ್ಟೀಲ್ ಫಿಲ್ಟರ್ ಮತ್ತು ಕೆಟಲ್ ಚೀಲದಲ್ಲಿವೆ. ಈಗ ಕೈಯಿಂದ ತಿರುಗಿಸುವ ಕಾಫಿ ಗ್ರೈಂಡರ್ ಕೊಳ್ಳಬೇಕೆಂದಿದ್ದೇನೆ. ಸಾವಿರದ ಚಿಲ್ಲರೆಗೂ ಸಿಗುತ್ತದೆ, ಇಪ್ಪತ್ತು ಸಾವಿರ ದಾಟಿದ್ದೂ ಇದೆ. ಸೆರಾಮಿಕ್ ಒಳ್ಳೆಯದೋ, ಸ್ಟೀಲ್ ಒಳ್ಳೆಯದೋ? ಏಳು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಅಂದ ಹಾಗೆ, ಮನೆಯಲ್ಲಿ ನಾವು ಕುಡಿಯುವುದು ಚಿಕೋರಿ ಬೆರೆಸಿದ ಪುಡಿ.

ಉತ್ತರ: ನೀವು ಕೊನೆಯಲ್ಲಿ ಹೇಳಿದ ಚಿಕೋರಿಯ ಮಾತಿನಿಂದಲೇ ಆರಂಭಿಸುತ್ತೇನೆ. ನಿಮಗೆ ಗ್ರೈಂಡರ್ ಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಚಿಕೋರಿ ಎಂದರೆ ಒಂದು ಗಿಡದ ಬೇರು. ಅದನ್ನು ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಹುರಿದ ಚಿಕೋರಿ ಗಾಳಿಯಲ್ಲಿನ ತೇವವನ್ನು ಬೇಗ ಹೀರಿಕೊಂಡು ಅಂಟಂಟಾಗುತ್ತದೆ. ಅದನ್ನು ಕೈ ಗ್ರೈಂಡರಿಗೆ ಎಂದೂ ಹಾಕಬೇಡಿ. ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡರೆ ಬ್ರಷ್ಷಿಗೂ ಬಿಡುವುದಿಲ್ಲ. ನಮ್ಮ ಆಹಾರ ನಿಯಮದ ಪ್ರಕಾರ ಕಾಫಿ ಮತ್ತು ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಮನೆಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ನೋಡಿ. 80:20 ಎಂದಿದ್ದರೆ 15 ಗ್ರಾಂ ಪುಡಿಯಲ್ಲಿ 12 ಗ್ರಾಂ ಕಾಫಿ, 3 ಗ್ರಾಂ ಚಿಕೋರಿ. ಆ 12 ಗ್ರಾಂ ಬೀಜವನ್ನು ನೀವು ಬೆಳಿಗ್ಗೆ ಪುಡಿ ಮಾಡುತ್ತೀರಿ, ಚಿಕೋರಿಯನ್ನು ಪುಡಿಯ ರೂಪದಲ್ಲಿಯೇ ಬಿಗಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಒಯ್ಯುತ್ತೀರಿ. ಪರಿಮಳವೆಲ್ಲ ಇರುವುದು ಬೀಜದಲ್ಲಿ. ಚಿಕೋರಿ ಕೊಡುವುದು ಬಣ್ಣ, ಗಟ್ಟಿತನ, ಒಂದಿಷ್ಟು ಕಹಿಸಿಹಿ. ಆದ್ದರಿಂದ ಚಿಕೋರಿ ಕುಡಿಯುವವರಿಗೆ ಗ್ರೈಂಡರ್ ವ್ಯರ್ಥ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪೊಟ್ಟಣ 60:40 ಅಥವಾ ಅದಕ್ಕಿಂತ ಹೆಚ್ಚು ಚಿಕೋರಿಯದಾಗಿದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಅಷ್ಟು ಚಿಕೋರಿಯ ಕೆಳಗೆ, ಮೇಲೆ ಹಾಲು ಸಕ್ಕರೆ ಸೇರಿದ ಮೇಲೆ, ತಾಜಾ ಬೀಜದ ಗುಣ ಬಹುಪಾಲು ಮುಚ್ಚಿಹೋಗುತ್ತದೆ. ಮೊದಲು ಚಿಕೋರಿಯನ್ನು 20ಕ್ಕೆ ಇಳಿಸಿ ಕೆಲವು ವಾರ ಕುಡಿದು ನೋಡಿ. ನಾಲಿಗೆ ಒಗ್ಗಿದರೆ ಗ್ರೈಂಡರಿಗೆ ಹಣ ಹಾಕಿ.

ಎರಡು ರಾತ್ರಿಯ ಪ್ರಯಾಣವಷ್ಟೇ ಆಗಿದ್ದರೆ, ಹಿಂದಿನ ಸಂಜೆ ಅಂಗಡಿಯಲ್ಲಿ ಬೀಸಿಸಿದ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಒಯ್ದರೆ ಸಾಕು ಎನ್ನುತ್ತಿದ್ದೆ. ನಿಮ್ಮದು ವಾರ ವಾರವೂ ಮೂರು ನಾಲ್ಕು ದಿನ. ಹುರಿದ ಬೀಜದೊಳಗಿನ ಪರಿಮಳವೂ ಇಂಗಾಲದ ಡೈಆಕ್ಸೈಡೂ ಬೀಜ ಇಡಿಯಾಗಿರುವವರೆಗೆ ನಿಧಾನವಾಗಿ ಹೊರಬರುತ್ತವೆ. ಪುಡಿಯಾದ ಕ್ಷಣದಿಂದ ಗಾಳಿಗೆ ತೆರೆದುಕೊಳ್ಳುವ ಮೈ ಅನೇಕ ಪಟ್ಟು ಹೆಚ್ಚುವುದರಿಂದ ಅದೆಲ್ಲ ಬೇಗ ಹಾರಿಹೋಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಸಿಯಾದ ಡಬ್ಬಿಯಲ್ಲಿ ಇನ್ನೂ ಬೇಗ. ನೀವು ಕೊಳ್ಳಿ.

ಈಗ ಗ್ರೈಂಡರಿನ ಒಳಗೆ ಬರೋಣ. ನಡುವೆ ಶಂಕುವಿನಾಕಾರದ ಹಲ್ಲಿನ ತುಂಡು, ಅದನ್ನು ಸುತ್ತುವರಿದ ಹಲ್ಲಿನ ಬಳೆ. ಈ ಜೋಡಿಗೆ ಬರ್ ಎನ್ನುತ್ತಾರೆ. ಎರಡರ ನಡುವಿನ ಸಂದು ಎಷ್ಟಿದೆಯೋ ಅಷ್ಟು ದಪ್ಪದ ಪುಡಿ ಕೆಳಗೆ ಬೀಳುತ್ತದೆ. ಮಿಕ್ಸಿಯಲ್ಲಿ ಬ್ಲೇಡು ಬೀಜವನ್ನು ಹೊಡೆದು ಒಡೆಯುವುದರಿಂದ ಒಂದೇ ಜಾರಿನಲ್ಲಿ ಧೂಳೂ ಇರುತ್ತದೆ, ಅರ್ಧ ಬೀಜವೂ ಇರುತ್ತದೆ. ಬರ್ ಇರುವುದು ಈ ಏರುಪೇರನ್ನು ತಪ್ಪಿಸಲಿಕ್ಕೆ. ಧೂಳಿನಿಂದ ಕಹಿ ಹೆಚ್ಚು ಇಳಿಯುತ್ತದೆ, ದಪ್ಪ ಚೂರುಗಳಿಂದ ಏನೂ ಸರಿಯಾಗಿ ಇಳಿಯುವುದಿಲ್ಲ. ಎರಡೂ ಒಂದೇ ಲೋಟದಲ್ಲಿ ಸೇರಿದರೆ ಡಿಕಾಕ್ಷನ್ ಒಮ್ಮೆಗೇ ಕಹಿಯೂ ಪೇಲವವೂ ಆಗುತ್ತದೆ.

ಎಲ್ಲರೂ ಕೇಳುವ ಪ್ರಶ್ನೆಯನ್ನೇ ನೀವೂ ಕೇಳಿದ್ದೀರಿ: ಸೆರಾಮಿಕ್ಕೋ, ಸ್ಟೀಲೋ? ಅದಕ್ಕಿಂತ ಮುಖ್ಯವಾದದ್ದು ಒಳಗಿನ ಹಲ್ಲನ್ನು ಹೊತ್ತಿರುವ ಶಾಫ್ಟ್. ನೀವು ಹಿಡಿ ತಿರುಗಿಸುವಾಗ ಕೈಯ ಒತ್ತಡ ನೇರವಾಗಿ ಕೆಳಗೆ ಬೀಳುವುದಿಲ್ಲ, ಪಕ್ಕಕ್ಕೆ ಎಳೆಯುತ್ತದೆ. ಶಾಫ್ಟನ್ನು ಮೇಲೊಂದು ಕೆಳಗೊಂದು ಬಾಲ್ ಬೇರಿಂಗ್ ಬಿಗಿಯಾಗಿ ಹಿಡಿದಿದ್ದರೆ ಒಳಗಿನ ಹಲ್ಲು ನಡುಮಧ್ಯದಲ್ಲಿಯೇ ಸುತ್ತುತ್ತದೆ. ಪ್ಲಾಸ್ಟಿಕ್ ತೂತಿನಲ್ಲಿ ಶಾಫ್ಟ್ ತೂರಿಸಿ ಬಿಟ್ಟಿದ್ದರೆ ಪ್ರತಿ ಸುತ್ತಿಗೂ ಹಲ್ಲು ಒಂದು ಬದಿಗೆ ವಾಲುತ್ತದೆ. ಆ ಬದಿಯಲ್ಲಿ ಸಂದು ಕಿರಿದಾಗಿ ಧೂಳು ಬೀಳುತ್ತದೆ, ಎದುರು ಬದಿಯಲ್ಲಿ ಅಗಲವಾಗಿ ಚೂರು ಬೀಳುತ್ತದೆ. ಹಲ್ಲು ಎಷ್ಟೇ ಉತ್ತಮವಾಗಿರಲಿ, ಶಾಫ್ಟ್ ಅಲುಗಾಡಿದರೆ ಮುಗಿಯಿತು. ಎರಡು ಸಾವಿರದೊಳಗಿನ ಬಹುತೇಕ ಗ್ರೈಂಡರುಗಳು ಸೋಲುವುದು ಇಲ್ಲಿಯೇ. ತರಿಯಾಗಿ ಬೀಸುವಾಗ ಒಳಗಿನ ತುಂಡು ಇನ್ನಷ್ಟು ಕೆಳಗಿಳಿದು ಇನ್ನಷ್ಟು ಸಡಿಲವಾಗುವುದರಿಂದ ಅವುಗಳ ತರಿ ಪುಡಿಯಂತೂ ನೋಡುವಂತಿರುವುದಿಲ್ಲ.

ಶಾಫ್ಟಿನ ಪರೀಕ್ಷೆ ಸುಲಭ. ಕೆಳಗಿನ ಡಬ್ಬಿಯನ್ನು ತಿರುಗಿಸಿ ತೆಗೆಯಿರಿ, ಒಳಗಿನ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ನೂಕಿ. ಕಟಕಟ ಎಂದರೆ ಬೇಡ.

ಇದನ್ನು ಒಪ್ಪಿದ ಮೇಲೆ ಸೆರಾಮಿಕ್ ಮತ್ತು ಸ್ಟೀಲಿನ ಪ್ರಶ್ನೆ. ಸೆರಾಮಿಕ್ ಉಕ್ಕಿಗಿಂತ ಗಡಸು, ತುಕ್ಕು ಹಿಡಿಯುವುದಿಲ್ಲ, ನೀರಿನಲ್ಲಿ ತೊಳೆಯಬಹುದು. ಆದರೆ ಪೆಡಸು: ಬೀಜದ ನಡುವೆ ಒಂದು ಸಣ್ಣ ಕಲ್ಲು ಸಿಕ್ಕರೆ ಅಥವಾ ಲಾಡ್ಜಿನ ಟೈಲ್ಸ್ ನೆಲದ ಮೇಲೆ ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ಅದರ ಹಲ್ಲನ್ನು ಅಚ್ಚಿನಲ್ಲಿ ಒತ್ತಿ ಸುಡುವುದರಿಂದ ಉಕ್ಕಿನ ಹಲ್ಲಿನಷ್ಟು ಚೂಪು ಬರುವುದಿಲ್ಲ. ಬೀಜವನ್ನು ಕತ್ತರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು. ಯಂತ್ರದಲ್ಲಿ ಕಡೆದ ಉಕ್ಕಿನ ಹಲ್ಲು ಬೀಜವನ್ನು ಕಚ್ಚಿ ಹೋಳು ಮಾಡುತ್ತದೆ. ಸಣ್ಣ ಸೆರಾಮಿಕ್ ಗ್ರೈಂಡರಿನಲ್ಲಿ 15 ಗ್ರಾಂ ಬೀಜವನ್ನು ಫಿಲ್ಟರಿಗೆ ಬೇಕಾದಷ್ಟು ನುಣ್ಣಗೆ ಬೀಸಲು ಎರಡು ಮೂರು ನಿಮಿಷ ಹಿಡಿಯುತ್ತದೆ, ತೋಳು ಸೋಲುತ್ತದೆ. ಒಳ್ಳೆಯ ಉಕ್ಕಿನ ಹಲ್ಲಿನಲ್ಲಿ ಒಂದು ನಿಮಿಷದ ಆಸುಪಾಸು. ದಿನವೂ ಬಳಸುವವರು ನೀವು. ತ್ರಾಸವಾಗುವ ಸಾಮಾನು ಒಂದು ತಿಂಗಳಲ್ಲಿ ಅಟ್ಟ ಸೇರುತ್ತದೆ. ಸ್ಟೀಲನ್ನೇ ಕೊಳ್ಳಿ.

ಆ ‘ಫಿಲ್ಟರಿಗೆ ಬೇಕಾದಷ್ಟು’ ಎಂಬುದನ್ನು ಬಿಡಿಸಿ ಹೇಳಬೇಕು. ಅಂತರಜಾಲದಲ್ಲಿ ಸಿಗುವ ಗ್ರೈಂಡರ್ ಸಲಹೆಗಳಲ್ಲಿ ಬಹುಪಾಲು ಕಾಗದದ ಫಿಲ್ಟರಿನಲ್ಲಿ ಸೋಸುವ ಕಪ್ಪು ಕಾಫಿಯವರಿಗಾಗಿ ಬರೆದದ್ದು. ಅವರಿಗೆ ಚಿರೋಟಿ ರವೆಗಿಂತ ತುಸು ದಪ್ಪನೆಯ ಪುಡಿ ಬೇಕು. ನಮ್ಮ ಸ್ಟೀಲ್ ಫಿಲ್ಟರಿಗೆ ಅದಕ್ಕಿಂತ ನುಣುಪು ಬೇಕು: ಬೆರಳಲ್ಲಿ ಉಜ್ಜಿದರೆ ಚಿರೋಟಿ ರವೆಗಿಂತ ಸಣ್ಣ, ಆದರೆ ಮೈದಾದಂತೆ ಜಾರಬಾರದು. ಅದಕ್ಕಿಂತ ದಪ್ಪವಾದರೆ ಬಿಸಿನೀರು ಸರ್ರನೆ ಇಳಿದು ತೆಳ್ಳನೆಯ ಡಿಕಾಕ್ಷನ್ ಸಿಗುತ್ತದೆ. ಹಿಟ್ಟಾದರೆ ತೂತು ಕಟ್ಟಿಕೊಂಡು ಇಳಿಯುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಹೊಸದಾಗಿ ಗ್ರೈಂಡರ್ ಕೊಂಡವರನ್ನು ಇದು ಕಂಗೆಡಿಸುತ್ತದೆ. ಅಂಗಡಿಯ ಮಿಶ್ರಣದಲ್ಲಿರುವ ಚಿಕೋರಿ ನೀರನ್ನು ಹಿಡಿದುಕೊಂಡು ಉಬ್ಬಿ, ಇಳಿಯುವ ವೇಗವನ್ನು ತಗ್ಗಿಸುತ್ತದೆ. ಮನೆಯಲ್ಲಿ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ ಇಳಿಯುವುದರಲ್ಲಿ ಅದರ ಪಾಲು ದೊಡ್ಡದು. ಚಿಕೋರಿ ಕಡಿಮೆ ಮಾಡಿದ ದಿನ ಅದೇ ದಪ್ಪದ ಪುಡಿಯಲ್ಲಿ ನೀರು ಬೇಗ ಇಳಿದುಬಿಡುತ್ತದೆ. ಆಗ ಬೀಜವನ್ನು ದೂರಬೇಡಿ, ಗ್ರೈಂಡರನ್ನು ಒಂದೆರಡು ಕ್ಲಿಕ್ (ಹಲ್ಲುಗಳ ಸಂದನ್ನು ಹೊಂದಿಸುವ ತಿರುಗಣೆಯ ಒಂದೊಂದು ಹೆಜ್ಜೆ) ಬಿಗಿ ಮಾಡಿ. ಇದಕ್ಕಾಗಿಯೇ ಕ್ಲಿಕ್ಕುಗಳ ಅಂತರ ಸಣ್ಣದಿರುವ ಗ್ರೈಂಡರ್ ನಿಮಗೆ ಬೇಕು. ಒಂದು ಕ್ಲಿಕ್ಕಿಗೆ ಹಲ್ಲು 20–30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಸರಿದರೆ ಒಳ್ಳೆಯ ಹಿಡಿತ ಸಿಗುತ್ತದೆ. ಕ್ಲಿಕ್ ದೊಡ್ಡದಾದರೆ, ಒಂದರಲ್ಲಿ ಸರ್ರನೆ ಇಳಿಯುತ್ತದೆ, ಮುಂದಿನದರಲ್ಲಿ ಕಟ್ಟಿಕೊಳ್ಳುತ್ತದೆ, ನಡುವೆ ನಿಲ್ಲಲು ಜಾಗವೇ ಇರುವುದಿಲ್ಲ. ಕ್ಲಿಕ್ಕೇ ಇಲ್ಲದೆ ತಿರುಪಿನಿಂದ ಬಿಗಿ ಮಾಡುವ ಅಗ್ಗದ ಮಾದರಿಗಳು ಬಸ್ಸು ಕಾರಿನ ಕುಲುಕಾಟದಲ್ಲಿ ತಾವಾಗಿಯೇ ಸಡಿಲವಾಗುತ್ತವೆ.

ತಾಜಾ ಬೀಜದ ಪುಡಿಗೆ ನೀರು ಬಿದ್ದಾಗ ಅನಿಲ ಬಿಟ್ಟು ಉಬ್ಬುತ್ತದೆ, ಒತ್ತುವ ತಟ್ಟೆಯನ್ನೇ ಮೇಲೆತ್ತಬಹುದು. ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯಿರಿ.

ಗಾತ್ರದ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಒಬ್ಬರಿಗೆ 20–25 ಗ್ರಾಂ ಹಿಡಿಸುವ ಗ್ರೈಂಡರ್ ಸಾಕು. ಹೆಂಡತಿ ಮಕ್ಕಳೊಂದಿಗೆ ಹೋದಾಗ ಎರಡು ಸಲ ಬೀಸಿ. ಅದಕ್ಕಾಗಿ ವರ್ಷವಿಡೀ ದೊಡ್ಡದನ್ನು ಹೊರಬೇಡಿ. ತೂಕ ಅರ್ಧ ಕಿಲೋ ಆಸುಪಾಸು ಇದ್ದರೆ ಬೇಸರಿಸಬೇಡಿ: ಆ ತೂಕದಲ್ಲಿ ಉಕ್ಕಿನ ಹಲ್ಲು, ಶಾಫ್ಟ್, ಬೇರಿಂಗುಗಳ ಪಾಲೂ ಇದೆ. ಹಿಡಿ ಕಳಚುವಂತಿರಲಿ. ಹಿಡಿ ಕೂರುವ ಜಾಗ ಆರು ಅಥವಾ ಐದು ಮೂಲೆಯ ಉಕ್ಕಿನದಾಗಿರಲಿ. ಮೆತ್ತನೆಯ ಲೋಹದ್ದಾದರೆ ಕೆಲವು ತಿಂಗಳಲ್ಲಿ ಮೂಲೆ ಸವೆದು ಹಿಡಿ ಜಾರತೊಡಗುತ್ತದೆ. ಮೈ ಮೇಲೆ ಗೀರು ಅಥವಾ ರಬ್ಬರ್ ಪಟ್ಟಿ ಇರಲಿ. ನುಣುಪಾದ ಸ್ಟೀಲ್ ಕೊಳವೆ ಚಿತ್ರದಲ್ಲಿ ಚೆಂದ, ಬೆವರಿದ ಕೈಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಮುಷ್ಟಿಯೊಳಗೆ ಕೂರುವುದೂ ಮುಖ್ಯ: ಸಣ್ಣ ಕೈಯವರಿಗೆ ದಪ್ಪ ಮೈಯ ಗ್ರೈಂಡರ್ ಕಷ್ಟ.

ಹೆಸರು ಹೇಳದೆ ಮುಗಿಸಿದರೆ ನಿಮಗೆ ಉಪಯೋಗವಿಲ್ಲ. ಜಪಾನಿನ ಪೋರ್ಲೆಕ್ಸ್ ಮಿನಿ ಹಗುರ, ತೆಳ್ಳಗಿನ ಗ್ರೈಂಡರ್. ಕೈಯಿಂದ ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ ಎಂಬ ಸಾಧನದ ಕೊಳವೆಯೊಳಗೆ ಕೂರುತ್ತದೆ ಎಂದೇ ಪ್ರವಾಸಿಗರಲ್ಲಿ ಹೆಸರುವಾಸಿ. ಅದರದ್ದು ಸೆರಾಮಿಕ್ ಹಲ್ಲು. ಬೆನ್ನುಚೀಲ ಹೊತ್ತು ಬೆಟ್ಟ ಹತ್ತುವವರಿಗೆ ನಾನು ಅದನ್ನು ಹೇಳುತ್ತೇನೆ, ನಿಮಗಲ್ಲ. ಜರ್ಮನಿಯ ಕಮಾಂಡಾಂಟೆ ಸಿ40 ಅತ್ಯುತ್ತಮ ಯಂತ್ರ. ಆದರೆ ಇಪ್ಪತ್ತು ಸಾವಿರ ದಾಟುವ ಆ ಬೆಲೆ ತಕ್ಕುದೆನಿಸುವುದು ತಿಳಿ ಹುರಿತದ ಕಪ್ಪು ಕಾಫಿ ಕುಡಿಯುವವರಿಗೆ. ಹಾಲು ಬೆರೆಸಿದ ಫಿಲ್ಟರ್ ಕಾಫಿಯಲ್ಲಿ ಆ ಹೆಚ್ಚುವರಿ ಸೂಕ್ಷ್ಮತೆ ಕಾಣಿಸುವುದಿಲ್ಲ. ನಿಮ್ಮ ಮಿತಿಯೊಳಗೆ ಅಥವಾ ಅದರ ಆಸುಪಾಸಿನಲ್ಲಿ ನೋಡಬೇಕಾದವು ಟೈಮ್‌ಮೋರ್ ಕಂಪನಿಯ ಸಿ2, ಸಿ3 ಸರಣಿ ಮತ್ತು ಒನ್‌ಜೀಪ್ರೆಸ್ಸೊ ಕಂಪನಿಯ ಕ್ಯೂ ಸರಣಿ. ಎರಡರಲ್ಲೂ 38 ಮಿಲಿಮೀಟರಿನ ಉಕ್ಕಿನ ಹಲ್ಲು, ಬೇರಿಂಗುಗಳಲ್ಲಿ ಕೂತ ಶಾಫ್ಟ್. ಸಿ2ರ ಕ್ಲಿಕ್ಕುಗಳ ಅಂತರ ಕೊಂಚ ದೊಡ್ಡದು. ಅದೇ ಮನೆಯ ಸಿ3 ಇಎಸ್‌ಪಿಯಲ್ಲಿ ಕ್ಲಿಕ್ ಸಣ್ಣದಾಗಿರುವುದರಿಂದ, ಬೆಲೆ ನಿಮ್ಮ ಕೈಗೆ ಎಟುಕಿದರೆ ಸ್ಟೀಲ್ ಫಿಲ್ಟರಿಗೆ ಅದೇ ಮೇಲು. ಬೆಲೆಗಳು ಏರಿಳಿಯುತ್ತಿರುತ್ತವೆ, ಹಬ್ಬದ ಸಮಯದ ರಿಯಾಯಿತಿಗೆ ಕಾದರೆ ನಷ್ಟವಿಲ್ಲ. ಈ ಹೆಸರುಗಳ ನಕಲಿ ಮಾಲೂ ಓಡಾಡುತ್ತದೆ, ಅಧಿಕೃತ ಮಾರಾಟಗಾರರ ಬಿಲ್ ಇಲ್ಲದೆ ಕೊಳ್ಳಬೇಡಿ.

ಬೀಜಕ್ಕೆ ದಾವಣಗೆರೆಯಲ್ಲಿ ಕೊರತೆಯಿಲ್ಲ. ಕಾಫಿ ಪುಡಿ ಮಾರುವ ಹಳೆಯ ಅಂಗಡಿಗಳಲ್ಲಿ ಹುರಿದ ಬೀಜ ಡಬ್ಬಗಳಲ್ಲಿ ಇದ್ದೇ ಇರುತ್ತದೆ. ಯಾರೂ ಕೇಳುವುದಿಲ್ಲವಾದ್ದರಿಂದ ಅವರು ಹೇಳುವುದಿಲ್ಲ. ‘ಪೀಬೆರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಬೀಸಬೇಡಿ, ಬೀಜವನ್ನೇ ಕಟ್ಟಿಕೊಡಿ’ ಎನ್ನಿ. ಪೀಬೆರಿ ಎಂದರೆ ಹಣ್ಣಿನಲ್ಲಿ ಒಂದೇ ಬೀಜವಾಗಿ ಬೆಳೆದ ದುಂಡನೆಯ ಬೀಜ, ಪ್ಲಾಂಟೇಷನ್ ಎ ಎಂದರೆ ಅರೇಬಿಕಾ ಬೀಜದ ಒಂದು ದರ್ಜೆ. ಯಾವ ದಿನ ಹುರಿದದ್ದು ಎಂದು ತಪ್ಪದೆ ಕೇಳಿ. ಚಿಕ್ಕಮಗಳೂರಿನ ಕಡೆ ಹೋದವರ ಕೈಯಲ್ಲಿ ತರಿಸಿದರೆ ಇನ್ನೂ ಸಂತೋಷ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬಾಬಾಬುಡನ್‌ಗಿರಿ ಅರೇಬಿಕಾ ಅಲ್ಲಿಯದೇ. ತಿಳಿಯಾಗಿ ಹುರಿದ ಬೀಜ ಗಟ್ಟಿ, ಕೈಗೆ ಭಾರ. ಕಡು ಹುರಿತದ್ದು ಬೇಗ ಒಡೆಯುತ್ತದೆ. ಆದರೆ ಎಣ್ಣೆ ಮೇಲೆ ಬಂದು ಹೊಳೆಯುವಷ್ಟು ಹುರಿದದ್ದು ಹಲ್ಲಿಗೆ ಜಿಡ್ಡು ಹಿಡಿಸುತ್ತದೆ. ಮಧ್ಯಮ ಹುರಿತ ನಿಮಗೆ ಸರಿ. ಭಾನುವಾರ ಮನೆಯ ತಕ್ಕಡಿಯಲ್ಲಿ ದಿನಕ್ಕೊಂದರಂತೆ ಬೀಜದ ಪುಟ್ಟ ಪೊಟ್ಟಣ ಮಾಡಿಟ್ಟುಕೊಂಡರೆ ತಕ್ಕಡಿ ಒಯ್ಯುವ ಗೋಜಿಲ್ಲ.

ಇನ್ನು ನಿಮ್ಮ ದಾರಿಯ ಸಂಗತಿ. ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಂಥ ಒಣ ಹವೆಯಲ್ಲಿ, ಅದರಲ್ಲೂ ಫೆಬ್ರವರಿಯಿಂದ ಮೊದಲ ಮಳೆಯವರೆಗೆ, ಬೀಸುವಾಗ ಪುಡಿಯಲ್ಲಿ ಸ್ಥಿರವಿದ್ಯುತ್ ಹುಟ್ಟುತ್ತದೆ. ಪುಡಿ ಡಬ್ಬಿಯ ಗೋಡೆಗೆ ಅಂಟುತ್ತದೆ, ಬೆಳ್ಳಿಬಣ್ಣದ ಸಿಪ್ಪೆ ಮೇಜಿನ ತುಂಬ ಹಾರುತ್ತದೆ. ಪರಿಹಾರ ಸರಳ: ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಅದಕ್ಕೆ ಹತ್ತಿದ ಒಂದು ಹನಿಯಿಂದ ಬೀಜವನ್ನು ಕಲಕಿ, ಆಮೇಲೆ ಬೀಸಿ. ಕಾಫಿ ಮಾಡುವವರು ಹಿಂದಿನಿಂದಲೂ ಇದನ್ನು ಮಾಡುತ್ತಿದ್ದರು. 2023ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕಾಫಿ ವಿಜ್ಞಾನಿಗಳೂ ಜ್ವಾಲಾಮುಖಿ ತಜ್ಞರೂ ಸೇರಿ ಅಳೆದು, ಬೀಜದ ತೇವ ಹೆಚ್ಚಿದಂತೆ ಸ್ಥಿರವಿದ್ಯುತ್ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಬೂದಿಯ ಮೋಡದಲ್ಲಿ ಮಿಂಚು ಹುಟ್ಟುವುದನ್ನು ಓದುವವರು ಕಾಫಿ ಬೀಜದ ಬಳಿ ಬಂದದ್ದು ನನಗಂತೂ ಬಹಳ ಹಿಡಿಸಿದ ಸಂಗತಿ. ನೆನಪಿಡಿ, ಒಂದು ಹನಿ ಮಾತ್ರ. ಒದ್ದೆಯಾದರೆ ಉಕ್ಕಿನ ಹಲ್ಲಿಗೆ ಕೇಡು.

ಅದೇ ಕಾರಣಕ್ಕೆ ಉಕ್ಕಿನ ಹಲ್ಲನ್ನು ನೀರಿನಲ್ಲಿ ತೊಳೆಯಲೇಬಾರದು. ಸ್ಟೇನ್‌ಲೆಸ್ ಎಂದು ಬರೆದಿದ್ದರೂ, ಚೂಪು ನಿಲ್ಲಲೆಂದು ಗಡಸು ಮಾಡಿದ ಉಕ್ಕಿಗೆ ತುಕ್ಕಿನ ಅಂಜಿಕೆ ಇದ್ದೇ ಇದೆ. ಜೊತೆಗೆ ಬರುವ ಬ್ರಷ್ಷಿನಿಂದ ದಿನವೂ ಗುಡಿಸಿ, ತಿಂಗಳಿಗೊಮ್ಮೆ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ. ಅಕ್ಕಿ ಹಾಕಿ ತಿರುಗಿಸಿದರೆ ಸ್ವಚ್ಛವಾಗುತ್ತದೆ ಎಂಬ ಸಲಹೆ ಕಿವಿಗೆ ಬೀಳಬಹುದು, ಕೇಳಬೇಡಿ. ಒಣ ಅಕ್ಕಿ ಕಾಫಿ ಬೀಜಕ್ಕಿಂತ ಗಡಸು. ಮತ್ತೆ ಜೋಡಿಸುವಾಗ ಹಲ್ಲುಗಳು ಒಂದಕ್ಕೊಂದು ತಾಗುವ ಸೊನ್ನೆಯ ಜಾಗವನ್ನು ಮೆಲ್ಲಗೆ ಹುಡುಕಿ, ಅಲ್ಲಿಂದ ಕ್ಲಿಕ್ ಎಣಿಸಿಕೊಂಡು ಬನ್ನಿ. ಸೊನ್ನೆಯಲ್ಲಿ ಬಲ ಹಾಕಿ ತಿರುಗಿಸಿದರೆ ಹಲ್ಲು ಹಲ್ಲನ್ನೇ ಕೆರೆಯುತ್ತದೆ. ನಿಮ್ಮ ಫಿಲ್ಟರಿಗೆ ಹೊಂದಿದ ಕ್ಲಿಕ್ಕಿನ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಡಿ.

ನೀರಿನ ಬಗ್ಗೆಯೂ ಒಂದು ಮಾತು: ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಎಷ್ಟು ಒಳ್ಳೆಯ ಪುಡಿಯೂ ಮಂಕಾಗುತ್ತದೆ. ಲಾಡ್ಜಿನ ನಲ್ಲಿಯ ನೀರು ಬೇಡ, ಕುಡಿಯುವ ನೀರಿನ ಬಾಟಲಿಯನ್ನೇ ಕೆಟಲಿಗೆ ಸುರಿಯಿರಿ. ರೈಲಿನಲ್ಲಿ ಹೋಗುವಾಗ ಚಾರ್ಜಿಂಗ್ ಪ್ಲಗ್ಗಿಗೆ ಕೆಟಲ್ ಚುಚ್ಚುವುದು ನಿಷಿದ್ಧ ಮತ್ತು ಅಪಾಯ. ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ಹೋಗಿ. ವಿಮಾನವಾದರೆ ಗ್ರೈಂಡರನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಇಡಿ. ದಪ್ಪ ಲೋಹದ ಕೊಳವೆಯೊಳಗೆ ಹಲ್ಲುಗಳಿರುವ ವಸ್ತು ತಪಾಸಣೆಯ ಪರದೆಯ ಮೇಲೆ ಕಂಡರೆ ಕೈಚೀಲ ಬಿಚ್ಚಿಸುತ್ತಾರೆ, ಅವರನ್ನು ದೂರುವಂತಿಲ್ಲ.

ಗ್ರೈಂಡರ್ ಮನೆಗೆ ಬಂದ ದಿನವೇ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು, ಮೂರು ಕೆಲಸ ಮಾಡಿ. ಮೇಲೆ ಹೇಳಿದಂತೆ ಒಳಗಿನ ಹಲ್ಲನ್ನು ಅಲುಗಾಡಿಸಿ. 15 ಗ್ರಾಂ ಬೀಜ ಬೀಸಿ ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ, ಎದ್ದು ಕಾಣುವ ದಪ್ಪ ಚೂರುಗಳು ಎಷ್ಟಿವೆ ನೋಡಿ. ಅಲ್ಲಲ್ಲಿ ಒಂದೆರಡಾದರೆ ಸರಿ, ಎಲ್ಲೆಡೆ ಇದ್ದರೆ ವಾಪಸ್ ಕಳಿಸಿ. ಆಮೇಲೆ ಅದೇ ಪುಡಿಯನ್ನು, ಚಿಕೋರಿ ಹಾಕದೆ, ನೀವು ಪ್ರವಾಸಕ್ಕೆ ಒಯ್ಯುವ ಫಿಲ್ಟರಿನಲ್ಲಿಯೇ ಇಳಿಸಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹನಿ ಹನಿಯಾಗಿ ಮುಗಿದರೆ ಹದ ಸರಿಯಿದೆ. ಐದೇ ನಿಮಿಷದಲ್ಲಿ ಖಾಲಿಯಾದರೆ ಎರಡು ಕ್ಲಿಕ್ ಬಿಗಿ, ಅರ್ಧ ಗಂಟೆಯಾದರೂ ಮೇಲೆ ನೀರು ನಿಂತಿದ್ದರೆ ಎರಡು ಕ್ಲಿಕ್ ಸಡಿಲ. ಚಿಕೋರಿ ಸೇರಿಸುವುದು ಈ ಹದ ಸಿಕ್ಕ ಮೇಲೆ. ಸೇರಿಸಿದಾಗ ಇನ್ನೊಂದು ಕ್ಲಿಕ್ ಸಡಿಲ ಮಾಡಬೇಕಾದೀತು.